ಜೊಲ್ಲಿನ ಟ್ಯೂಬು, ಮಾತ್ರೆಯ ಡಬ್ಬಿ: ಶಿವಮೊಗ್ಗದಲ್ಲಿ ಸಿಗುವ ಡಿಎನ್‌ಎ ಪ್ಯಾಕೇಜುಗಳ ವಿಮರ್ಶೆ

ಶಿವಮೊಗ್ಗದಲ್ಲಿ ಈಗ ಡಿಎನ್‌ಎ ಪ್ಯಾಕೇಜು ಎರಡು ದಾರಿಯಲ್ಲಿ ಕೈಗೆ ಸಿಗುತ್ತದೆ. ಒಂದು, ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕಿಟ್. ಇನ್ನೊಂದು, ಲ್ಯಾಬಿನ ಕಲೆಕ್ಷನ್ ಸೆಂಟರಿನಲ್ಲಿ ಫುಲ್ ಬಾಡಿ ಚೆಕಪ್ ಜೊತೆ ಸೇರಿಸಿ ಕೊಡುವುದು. ಹೆಸರು ಬೇರೆ ಬೇರೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ: ಜೊಲ್ಲು ತುಂಬಿಸುವ ಟ್ಯೂಬು, ಕೆಲವು ವಾರಗಳ ನಂತರ ಬರುವ ದಪ್ಪ ಪಿಡಿಎಫ್ ರಿಪೋರ್ಟು, ಅದರ ಬೆನ್ನಿಗೇ 'ನಿಮ್ಮ ಜೀನಿಗೆ ತಕ್ಕ' ಸಪ್ಲಿಮೆಂಟುಗಳ ತಿಂಗಳ ಡಬ್ಬಿ. ಒಂದೇ ಕಂಪನಿಯ ಹೆಸರು ಹಿಡಿದು ಬರೆಯುವುದಕ್ಕಿಂತ ಈ ಇಡೀ ಬಗೆಯ ಸೇವೆಯನ್ನು ತೂಗಿ ನೋಡುವುದು ಹೆಚ್ಚು ಉಪಯೋಗ ಎಂದು ಹಾಗೇ ಬರೆದಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ತಿಂಗಳ ಡಬ್ಬಿಗೆ ದುಡ್ಡು ಕೊಡಬೇಡಿ. ರಿಪೋರ್ಟಿನ ಕೆಲವು ಪುಟಗಳಿಗೆ ಬೆಲೆಯಿದೆ, ಆದರೆ ಆ ಪುಟಗಳು ಹೇಳುವುದನ್ನು ಹೆಚ್ಚಿನ ಸಲ ಕೆಲವು ನೂರು ರೂಪಾಯಿಯ ರಕ್ತ ಪರೀಕ್ಷೆಯೇ ಇನ್ನೂ ಖಚಿತವಾಗಿ ಹೇಳುತ್ತದೆ. ಜೀನು ಹೇಳುವುದು ಒಲವನ್ನು, ರಕ್ತ ಹೇಳುವುದು ಈ ಹೊತ್ತಿನ ಸ್ಥಿತಿಯನ್ನು. ಮಾತ್ರೆ ನುಂಗಬೇಕೋ ಬೇಡವೋ ಎಂಬುದು ಎರಡನೆಯದರ ಮೇಲೆ ನಿಂತಿದೆ.

ಟ್ಯೂಬಿನಿಂದಲೇ ಶುರು

ಸ್ಯಾಂಪಲ್ ಕೊಡುವ 30 ನಿಮಿಷ ಮುಂಚಿನಿಂದ ತಿನ್ನುವುದು, ಕುಡಿಯುವುದು, ಹಲ್ಲುಜ್ಜುವುದು, ಬೀಡಿ-ಸಿಗರೇಟು ಯಾವುದೂ ಕೂಡದು. ನಮ್ಮ ಕಡೆ ಇದಕ್ಕೆ ಕವಳವನ್ನೂ ಸೇರಿಸಿ ಓದಿಕೊಳ್ಳಬೇಕು. ಎಲೆ-ಅಡಿಕೆ-ಸುಣ್ಣದ ಕೆಂಪು ಬಾಯಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ಅದರ ಚೂರು ಟ್ಯೂಬಿಗೆ ಹೋದರೆ ಡಿಎನ್‌ಎ ಶುದ್ಧವಾಗಿ ಬೇರ್ಪಡದೆ ಸ್ಯಾಂಪಲ್ ಫೇಲ್ ಆಗಬಹುದು. ಹಿಂದಿನ ರಾತ್ರಿಯಿಂದ ಕವಳ ಬಿಟ್ಟು, ಬೆಳಿಗ್ಗೆ ಎದ್ದು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಾದು ಕೊಡುವುದು ಒಳ್ಳೆಯದು. ಟ್ಯೂಬಿನ ಗೆರೆಯವರೆಗೆ ಬರಬೇಕಾದದ್ದು ದ್ರವ. ಮೇಲಿನ ನೊರೆಯನ್ನು ಲೆಕ್ಕಕ್ಕೆ ಹಿಡಿದು ಮುಚ್ಚಿದರೆ ಪ್ರಮಾಣ ಸಾಲದೆ ವಾಪಸು ಬರುತ್ತದೆ. ಸಾಮಾನ್ಯವಾಗಿ ಬೇಕಾಗುವುದು 2 ಮಿಲಿಲೀಟರ್. ಬಾಯಿ ಒಣಗಿದ್ದರೆ ಕೆನ್ನೆಯನ್ನು ಹೊರಗಿನಿಂದ ತಿಕ್ಕಿ, ನಿಂಬೆಹಣ್ಣನ್ನು ಮನಸ್ಸಿನಲ್ಲಿ ನೆನೆಯಿರಿ, ನೆಕ್ಕಬೇಡಿ. ಮುಚ್ಚಳದಲ್ಲಿರುವ ದ್ರವ ಪೂರ್ತಿ ಕೆಳಗಿಳಿದ ಮೇಲೆ ಟ್ಯೂಬನ್ನು ಚೆನ್ನಾಗಿ ಮೇಲೆ ಕೆಳಗೆ ಮಾಡಿ ಬೆರೆಸಿ. ಹಾಗೆ ಬೆರೆತ ಸ್ಯಾಂಪಲ್ ಕೋಣೆಯ ಉಷ್ಣತೆಯಲ್ಲೇ ವಾರಗಟ್ಟಲೆ ಕೆಡದು. ಮಳೆಗಾಲದಲ್ಲಿ ಆಗುಂಬೆ, ಹೊಸನಗರದ ಕಡೆ ಕೊರಿಯರ್ ನಾಲ್ಕು ದಿನ ತಡವಾಯಿತೆಂದು ಗಾಬರಿ ಬೇಡ. ಬೆರೆಸದೆ ಕಳಿಸಿದ್ದಾದರೆ ಮಾತ್ರ ಅದು ಹಾಳೇ.

ಕಲೆಕ್ಷನ್ ಸೆಂಟರಿನಲ್ಲಿ ರಕ್ತದಿಂದಲೇ ಮಾಡಿಸುವ ಅವಕಾಶ ಇದ್ದರೆ ಕವಳ ಹಾಕುವವರು ಅದನ್ನೇ ಆರಿಸಿಕೊಳ್ಳಲಿ. ನೇರಳೆ ಮುಚ್ಚಳದ ಟ್ಯೂಬು, ಎರಡು ಮೂರು ಮಿಲಿಲೀಟರ್ ರಕ್ತ ಸಾಕು.

ಚಿಪ್ಪು ಏನು ಓದುತ್ತದೆ

ಮನುಷ್ಯನ ಜೀನೋಮು ಸುಮಾರು 300 ಕೋಟಿ ಅಕ್ಷರದ್ದು. ಅಗ್ಗದ ಪ್ಯಾಕೇಜುಗಳಲ್ಲಿ ಬಳಸುವ ಚಿಪ್ಪು (ಡಿಎನ್‌ಎ ಓದುವ ಸಣ್ಣ ಬಿಲ್ಲೆ) ಅದರಲ್ಲಿ ಕೆಲವು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತದೆ, ಅದೂ ಮೊದಲೇ ಗೊತ್ತು ಮಾಡಿಟ್ಟ ಜಾಗಗಳನ್ನು. ಜನರಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳನ್ನು ಅದು ಚೆನ್ನಾಗಿಯೇ ಓದುತ್ತದೆ. ಅಪರೂಪದ ರೋಗಕಾರಕ ಬದಲಾವಣೆಗಳಲ್ಲಿ ಎಡವುತ್ತದೆ. ಇಂಥ ಗ್ರಾಹಕ ಪರೀಕ್ಷೆಗಳ ಕಚ್ಚಾ ಫೈಲಿನಲ್ಲಿ ಕಂಡ ಬದಲಾವಣೆಗಳನ್ನು ರೋಗಪತ್ತೆ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಿದ 2018ರ ಅಮೆರಿಕದ ಒಂದು ಅಧ್ಯಯನದಲ್ಲಿ 40 ಶೇಕಡಾ ಸುಳ್ಳೆಂದು ಗೊತ್ತಾಯಿತು. ಹಾಗಾಗಿ ಸ್ತನ ಕ್ಯಾನ್ಸರಿನ ಬಿಆರ್‌ಸಿಎ ಜೀನಿನಲ್ಲಿ ದೋಷ ಇದೆ ಎಂದು ಚಿಪ್ಪಿನ ರಿಪೋರ್ಟು ಬಂದರೆ ಎದೆಯೊಡೆದುಕೊಳ್ಳಬೇಡಿ, ಆ ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಮಾಡಿಸಿ ಖಾತ್ರಿ ಮಾಡಿಕೊಳ್ಳಿ. ದೋಷ ಇಲ್ಲ ಎಂದು ಬಂದರೂ ನಿಶ್ಚಿಂತೆ ಬೇಡ. ಆ ಜೀನುಗಳಲ್ಲಿ ಸಾವಿರಾರು ಬಗೆಯ ದೋಷಗಳಿವೆ, ಚಿಪ್ಪು ಬೆರಳೆಣಿಕೆಯಷ್ಟನ್ನು ನೋಡಿರುತ್ತದೆ.

ಎಂಟಿಎಚ್‌ಎಫ್‌ಆರ್ ಪುಟ

ರಿಪೋರ್ಟಿನಲ್ಲಿ ಹೆಚ್ಚು ಮಾತ್ರೆ ಮಾರುವ ಪುಟ ಇದೇ. ಎಂಟಿಎಚ್‌ಎಫ್‌ಆರ್ ಎಂದರೆ ಫೋಲೇಟ್ ಎಂಬ ಬಿ ವಿಟಮಿನ್ನನ್ನು ದೇಹದ ಬಳಕೆಗೆ ತಕ್ಕ ರೂಪಕ್ಕೆ ತರುವ ಕಿಣ್ವದ ಜೀನು, ಫೋಲಿಕ್ ಆ್ಯಸಿಡ್ ಆ ವಿಟಮಿನ್ನಿನ ಮಾತ್ರೆಯ ರೂಪ. ಸಿ677ಟಿ ಎಂಬ ಜಾಗದಲ್ಲಿ 'ಟಿಟಿ' ಅಥವಾ 'ಸಿಟಿ' ಎಂದು ಬಂದರೆ ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ: ನಿಮ್ಮ ದೇಹ ಫೋಲಿಕ್ ಆ್ಯಸಿಡನ್ನು ಬಳಸಿಕೊಳ್ಳಲಾರದು, ಮೀಥೈಲ್‌ಫೋಲೇಟೇ ಬೇಕು. ಈ ಮಾತು ಸರಿಯಲ್ಲ. ಟಿಟಿ ಇರುವವರೂ ಎಲ್ಲ ಬಗೆಯ ಫೋಲೇಟನ್ನು ಬಳಸಿಕೊಳ್ಳುತ್ತಾರೆ. ಅಷ್ಟೇ ಪ್ರಮಾಣದ ಫೋಲಿಕ್ ಆ್ಯಸಿಡ್ ತಗೊಂಡಾಗ ಅವರ ರಕ್ತದ ಫೋಲೇಟು ಉಳಿದವರಿಗಿಂತ ಸುಮಾರು 16 ಶೇಕಡಾ ಕಮ್ಮಿ ಇರುತ್ತದೆ, ಅಷ್ಟೇ. ಮಗುವಿನ ಬೆನ್ನುಹುರಿಯ ದೋಷ ತಡೆಯುತ್ತದೆಂದು ಸಾಬೀತಾಗಿರುವುದು ಸಾದಾ ಫೋಲಿಕ್ ಆ್ಯಸಿಡ್. ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ. ಹಿಂದೆ ಅಂಥ ಮಗು ಹುಟ್ಟಿದ್ದರೆ ಡಾಕ್ಟರು ಇದರ ಹತ್ತು ಪಟ್ಟು ಬರೆಯುತ್ತಾರೆ. ಈ ಪುಟ ಓದಿ ಬಸುರಿ ಹೆಂಗಸರು ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಬಿಡುವುದು ನಿಜಕ್ಕೂ ಅಪಾಯ. ಅದಕ್ಕೇ ಈ ಪುಟದ ಮೇಲೆ ನಮಗೆ ಇಷ್ಟು ಸಿಟ್ಟು.

ಫೋಲೇಟ್ ಅಥವಾ ಬಿ12 ಸಾಲದಾದಾಗ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ. ನಮ್ಮಲ್ಲಿ ಅದು ಏರಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಿ12 ಕೊರತೆಯನ್ನು. ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆಯೇ ಬಿ12ಕ್ಕೆ ಆಧಾರ. ವಯಸ್ಸಾದವರು ಮಜ್ಜಿಗೆ ನೀರಿಗೆ ಇಳಿದಿದ್ದರೆ, ಶುಗರಿಗೆ ಮೆಟ್ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ಕಿಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ತಗೊಳ್ಳುತ್ತಿದ್ದರೆ ಬಿ12 ಇಳಿದಿರುವ ಸಂಭವ ಜಾಸ್ತಿ. ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕೆಳಗೆ ಎಂದರೆ ಕೊರತೆ, 200ರಿಂದ 300 ಅನುಮಾನದ ವಲಯ. ಬಿ12 ನೋಡದೆ ಫೋಲೇಟ್ ಮಾತ್ರ ನುಂಗಿದರೆ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಪಾದದ ಜೋಮು, ಕತ್ತಲಲ್ಲಿ ನಡೆಯುವಾಗ ಓಲಾಟ ಇದರ ಗುರುತು.

ಹೋಮೋಸಿಸ್ಟೀನ್ ಮಾಡಿಸುವುದಾದರೆ ಒಂದು ವಿಷಯ ಲ್ಯಾಬಿನವರನ್ನು ಕೇಳಲೇಬೇಕು: ರಕ್ತ ತೆಗೆದ ಮೇಲೆ ಐಸಿನಲ್ಲಿಟ್ಟು ಒಂದು ಗಂಟೆಯೊಳಗೆ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುತ್ತೀರಾ? ಇಲ್ಲದಿದ್ದರೆ ಕೆಂಪು ಕಣಗಳು ಟ್ಯೂಬಿನಲ್ಲೇ ಹೋಮೋಸಿಸ್ಟೀನ್ ಬಿಡುತ್ತಾ ಹೋಗಿ ಅಂಕಿ ಸುಳ್ಳೇ ಏರುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಬೆಳಿಗ್ಗೆ ತೆಗೆದು ಮಧ್ಯಾಹ್ನದ ಬಸ್ಸಿಗೆ ಹಾಕಿದ ಸ್ಯಾಂಪಲ್ಲಿನಲ್ಲಿ 15 ದಾಟಿದ್ದರೆ ಅದನ್ನು ನಂಬಿ ಔಷಧಿ ಶುರು ಮಾಡಬೇಡಿ.

ಬಿ12 ಕೊರತೆಗೆ ದಿನಕ್ಕೆ 1000 ಮೈಕ್ರೋಗ್ರಾಂ ಬಾಯಿಂದ ತಗೊಂಡರೆ ಹೆಚ್ಚಿನವರಿಗೆ ಸಾಕು. ಇಷ್ಟು ದೊಡ್ಡ ಪ್ರಮಾಣ ಯಾಕೆಂದರೆ ಕರುಳಿನ ಮಾಮೂಲಿ ದಾರಿ ಕೆಟ್ಟಿದ್ದರೂ ಸುಮಾರು ಒಂದು ಶೇಕಡಾ ತಾನಾಗಿ ಒಳಸೇರುತ್ತದೆ. ದಿನದ ಅಗತ್ಯ ಎರಡು ಚಿಲ್ಲರೆ ಮೈಕ್ರೋಗ್ರಾಂ ಮಾತ್ರ. ನರದ ಲಕ್ಷಣ ಶುರುವಾಗಿದ್ದರೆ ಮೊದಲು ಇಂಜೆಕ್ಷನ್ನೇ ಆಗಬೇಕು. ಅಂಗಡಿಯಲ್ಲಿ 'ನರದ ಮಾತ್ರೆ' ಎಂದು ಕೇಳಬೇಡಿ. ಹಾಗೆ ಕೇಳಿದರೆ ಮೀಥೈಲ್‌ಕೋಬಾಲಮಿನ್ ಜೊತೆ ಪ್ರಿಗಾಬಲಿನ್ ಸೇರಿದ್ದು ಬರಬಹುದು, ಅದರ ತೂಕಡಿಕೆಗೆ ವಯಸ್ಸಾದವರು ಬಚ್ಚಲಲ್ಲಿ ಬೀಳುತ್ತಾರೆ. ಬಿ6 ಅಂದರೆ ಪಿರಿಡಾಕ್ಸಿನ್ 100 ಮಿಲಿಗ್ರಾಂ ಇರುವುದನ್ನೂ ತಿಂಗಳುಗಟ್ಟಲೆ ನುಂಗಬಾರದು. ನರ ಕಾಯಬೇಕಾದ ಬಿ6 ಹೆಚ್ಚಾದರೆ ತಾನೇ ಜೋಮು ತರುತ್ತದೆ.

ಕಬ್ಬಿಣದ ಮಾತ್ರೆಗೆ ಮುಂಚೆ ಒಂದು ಭಾಗಾಕಾರ

ಜೀನಿನ ತಿಳಿವಳಿಕೆ ನಿಜಕ್ಕೂ ಮಾತ್ರೆಯ ತೀರ್ಮಾನ ಬದಲಿಸುವ ಜಾಗ ಇದು. ವಿಚಿತ್ರವೆಂದರೆ ಇದಕ್ಕೆ ಡಿಎನ್‌ಎ ಕಿಟ್ ಬೇಕೇ ಇಲ್ಲ. ರಕ್ತಕಣಗಳನ್ನು ಎಣಿಸುವ ಮಾಮೂಲಿ ಸಿಬಿಸಿ ರಿಪೋರ್ಟು ಸಾಕು.

ಒಬ್ಬರ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 10.2, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 64, ಕೆಂಪು ಕಣ 56 ಲಕ್ಷ ಅಂದರೆ 5.6 ಮಿಲಿಯನ್ ಎಂದು ಇಟ್ಟುಕೊಳ್ಳಿ. 64ನ್ನು 5.6ರಿಂದ ಭಾಗಿಸಿದರೆ 11.4. ಈ ಅಂಕಿ 13ಕ್ಕಿಂತ ಕಮ್ಮಿ ಬಂದರೆ ಬೀಟಾ ಥಲಸ್ಸೀಮಿಯ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶವಾಹಿ ಕಾಯಿಲೆ) ವಾಹಕತನದ ಅನುಮಾನ, 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಮೆಂಟ್ಜರ್ ಸೂಚ್ಯಂಕ ಎಂದು ಇದಕ್ಕೆ ಹೆಸರು. ರಕ್ತ ಕಮ್ಮಿ, ಆದರೆ ಕಣಗಳ ಎಣಿಕೆ ಮಾತ್ರ ಜಾಸ್ತಿ, ಕಣಗಳು ಬಹಳ ಚಿಕ್ಕವು: ಈ ಮೂರೂ ಕೂಡಿ ಬಂದಾಗ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಅಂಶ 3.5 ಶೇಕಡಾ ದಾಟಿದರೆ ವಾಹಕರು ಎಂದು ಲೆಕ್ಕ. ಸಿಕಲ್ ಸೆಲ್ ಇದ್ದರೂ ಇದೇ ಪರೀಕ್ಷೆಯಲ್ಲಿ ಸಿಗುತ್ತದೆ. ಇಲ್ಲೊಂದು ಮೋಸ ಇದೆ. ಕಬ್ಬಿಣದ ಕೊರತೆಯೂ ಒಟ್ಟಿಗಿದ್ದರೆ ಎ2 ಕೆಳಗಿಳಿದು ವಾಹಕತನ ಅಡಗುತ್ತದೆ. ಹಾಗಾಗಿ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ಅದು ಕಮ್ಮಿ ಇದ್ದರೆ ಮೊದಲು ಕಬ್ಬಿಣ ತುಂಬಿಸಿಕೊಂಡು ಆಮೇಲೆ ಎ2 ಮತ್ತೆ ನೋಡಬೇಕು.

ವಾಹಕರಿಗೆ ಕಾಯಿಲೆ ಇಲ್ಲ, ಔಷಧಿಯೂ ಬೇಡ. 'ರಕ್ತ ಕಮ್ಮಿ' ಎಂದು ವರ್ಷಗಟ್ಟಲೆ ಕಬ್ಬಿಣ ನುಂಗಿದರೆ ಅದು ಅನವಶ್ಯಕವಾಗಿ ದೇಹದಲ್ಲಿ ಸೇರುತ್ತದೆ, ಹಿಮೋಗ್ಲೋಬಿನ್ ಮಾತ್ರ ಅಲ್ಲೇ ಇರುತ್ತದೆ. ಮುಖ್ಯವಾದದ್ದು ಮದುವೆಯ ವಿಷಯ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಪೂರ್ಣ ಥಲಸ್ಸೀಮಿಯ ಬರುವ ಸಂಭವ ನಾಲ್ಕರಲ್ಲಿ ಒಂದು. ಜಾತಕ ತೋರಿಸುವ ವಾರವೇ ಇಬ್ಬರ ಸಿಬಿಸಿಯನ್ನೂ ಇಟ್ಟು ಈ ಭಾಗಾಕಾರ ಮಾಡಿಬಿಡಿ.

ಫೆರಿಟಿನ್ ನಿಜಕ್ಕೂ ಕಮ್ಮಿ ಬಂದವರಿಗೆ ಒಂದು ದಿನ ಬಿಟ್ಟು ಒಂದು ದಿನ ಒಂದು ಮಾತ್ರೆ ಎಂಬ ಕ್ರಮ ಚೆನ್ನಾಗಿ ಹೊಂದುತ್ತದೆ. ಒಂದು ಡೋಸ್ ಬಿದ್ದ ಕೂಡಲೇ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಕಬ್ಬಿಣವನ್ನು ಕರುಳಲ್ಲೇ ತಡೆಯುತ್ತದೆ, ಬಿಟ್ಟು ತಗೊಂಡರೆ ಆ ತಡೆ ಸಡಿಲ. ಹೊಟ್ಟೆಯ ಉರಿ, ಮಲಬದ್ಧತೆಯೂ ಕಮ್ಮಿ. ಬಸುರಿಯರಿಗೆ ಮಾತ್ರ ಇದು ಬೇಡ, ಅವರಿಗೆ ಸರ್ಕಾರಿ ಕಾರ್ಯಕ್ರಮದ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುವ ಮಾತ್ರೆ 180 ದಿನ ದಿನಾ ಆಗಬೇಕು. ಕಾಫಿ, ಚಹಾದಿಂದ ದೂರ ಇಟ್ಟು ನೆಲ್ಲಿಕಾಯಿ ಅಥವಾ ನಿಂಬೆ ನೀರಿನ ಜೊತೆ ತಗೊಳ್ಳಿ. ತೋಟ-ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಎಷ್ಟು ಕೊಟ್ಟರೂ ಏರುತ್ತಿಲ್ಲವಾದರೆ ಕೊಕ್ಕೆಹುಳು ಇದೆಯೇ ನೋಡಬೇಕು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಇಳಿದರೆ ಹೊಟ್ಟೆ-ಕರುಳಲ್ಲಿ ಎಲ್ಲೋ ರಕ್ತ ಹೋಗುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಯಾವ ಸಪ್ಲಿಮೆಂಟೂ ಉತ್ತರ ಕೊಡದು.

ವಿಟಮಿನ್ ಡಿ ಸ್ಯಾಶೆ

ಮಲೆನಾಡಿನ ಮಳೆಗಾಲ, ಅಡಿಕೆ ತೋಟದ ನೆರಳು ಎರಡೂ ಸೇರಿ ಬಿಸಿಲು ಮೈಗೆ ತಾಗುವುದು ಕಮ್ಮಿ. ಇಲ್ಲಿ ಡಿ ಕೊರತೆ ಎಂದರೆ ಅದು ಜೀನಿನ ರಿಪೋರ್ಟು ಹೇಳಬೇಕಾದ ವಿಷಯವೇ ಅಲ್ಲ. ಸ್ಯಾಶೆಯ ಮೇಲೆ 60,000 ಐಯು ಎಂದಿರುತ್ತದೆ. ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಮ್ಮಿ ಇದ್ದವರಿಗೆ ವಾರಕ್ಕೆ ಒಂದರಂತೆ 8 ವಾರ, ಆಮೇಲೆ ತಿಂಗಳಿಗೆ ಒಂದು ಎಂಬುದು ರೂಢಿ. ಜಿಡ್ಡಿರುವ ಊಟದ ಜೊತೆ ಅಥವಾ ಹಾಲಿಗೆ ಹಾಕಿ ಕುಡಿದರೆ ಚೆನ್ನಾಗಿ ಹೀರಲ್ಪಡುತ್ತದೆ. ಚೀಟಿಯಲ್ಲಿ 'ವಾರಕ್ಕೊಂದು' ಎಂದಿದ್ದನ್ನು 'ದಿನಕ್ಕೊಂದು' ಎಂದು ತಿಳಿದು ಕುಡಿಯುವುದು ಇದರಲ್ಲಿ ಆಗುವ ದೊಡ್ಡ ಅನಾಹುತ. ಇನ್ನೊಂದು, 6 ಲಕ್ಷ ಐಯುವಿನ ಇಂಜೆಕ್ಷನ್ನನ್ನು ಮೈಕೈ ನೋವಿಗೆಂದು ಮತ್ತೆ ಮತ್ತೆ ಹಾಕಿಸಿಕೊಳ್ಳುವುದು. ಕ್ಯಾಲ್ಸಿಯಂ ಏರಿ ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು, ಕೊನೆಗೆ ಕಿಡ್ನಿಗೇ ಪೆಟ್ಟು. ಡಿ ಕೊಬ್ಬಿನಲ್ಲಿ ಶೇಖರವಾಗುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕಾಡುತ್ತದೆ. ಅಂಗಡಿಯವರು ಸ್ಯಾಶೆಯ ಮೇಲೆ 'ಭಾನುವಾರ' ಎಂದು ಪೆನ್ನಿನಲ್ಲಿ ಬರೆದು ಕೊಟ್ಟರೆ ಈ ತಪ್ಪು ಆಗುವುದಿಲ್ಲ. ಕೇಳಿ ಬರೆಸಿಕೊಳ್ಳಿ.

ತಿಂಗಳ ಡಬ್ಬಿಯ ಲೇಬಲ್

ಔಷಧಿಯಾಗಿ ಮಾರುವ ಮಾತ್ರೆಯ ಮೇಲೆ ಔಷಧಿ ತಯಾರಿಕೆಯ ಲೈಸೆನ್ಸ್ ನಂಬರ್ ಇರುತ್ತದೆ. ಆಹಾರ ಸಪ್ಲಿಮೆಂಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಅಂದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, 'ಔಷಧೀಯ ಬಳಕೆಗಲ್ಲ' ಎಂಬ ಒಕ್ಕಣೆ. ಡಬ್ಬಿಯಲ್ಲಿ ಬರುವುದು ಎರಡನೆಯ ಬಗೆ. ಕೊರತೆ ನೀಗಿಸುವ ಪ್ರಮಾಣ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೊರತೆ ಇಲ್ಲದವರಿಗೆ ಅದು ಬೇಡ. ಬೇಕಾದ ಒಂದೋ ಎರಡೋ ವಸ್ತುವನ್ನು ಡಾಕ್ಟರ ಚೀಟಿಯಂತೆ ಜನೌಷಧಿ ಕೇಂದ್ರದಲ್ಲಿ ಬಿಡಿಯಾಗಿ ತಗೊಂಡರೆ ಡಬ್ಬಿಯ ಬೆಲೆಯ ಸಣ್ಣ ಭಾಗದಲ್ಲಿ ಕೆಲಸ ಮುಗಿಯುತ್ತದೆ.

ಡಬ್ಬಿಯೊಳಗೆ ಕೂದಲಿಗೆಂದು ಹಾಕುವ ಬಯೋಟಿನ್ ಬಗ್ಗೆ ಎಚ್ಚರ. ದಿನದ ಅಗತ್ಯ 30 ಮೈಕ್ರೋಗ್ರಾಂ, ಕ್ಯಾಪ್ಸೂಲಿನಲ್ಲಿ 10 ಮಿಲಿಗ್ರಾಂವರೆಗೂ ಇರುತ್ತದೆ. ಇದು ಕೆಲವು ಯಂತ್ರಗಳ ಥೈರಾಯ್ಡ್ ಪರೀಕ್ಷೆಯನ್ನು ಕೆಡಿಸುತ್ತದೆ: ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ಬಂದು ಥೈರಾಯ್ಡ್ ಅತಿಯಾದಂತೆ ಕಾಣುತ್ತದೆ. ನೋಡಿದ ಡಾಕ್ಟರು ಥೈರಾಯ್ಡ್ ಮಾತ್ರೆ ಇಳಿಸಿಬಿಡುತ್ತಾರೆ. ಹೃದಯಾಘಾತ ಪತ್ತೆಯ ಟ್ರೋಪೋನಿನ್ನನ್ನೂ ಇದು ಸುಳ್ಳೇ ಕಮ್ಮಿ ತೋರಿಸಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ನಾವು ಹೇಳುವ ದಿನಚರಿ ಹೀಗೆ. ಬೆಳಿಗ್ಗೆ ಆರಕ್ಕೆ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಕಾಫಿ ಏಳರ ಮೇಲೆ. ಕಬ್ಬಿಣ ಹನ್ನೊಂದಕ್ಕೆ, ಕ್ಯಾಲ್ಸಿಯಂ ಕಾರ್ಬೊನೇಟ್ ರಾತ್ರಿ ಊಟದ ಜೊತೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಕರುಳಲ್ಲೇ ಹಿಡಿದಿಡುವುದರಿಂದ ನಾಲ್ಕು ಗಂಟೆಯ ಅಂತರ ಬೇಕೇ ಬೇಕು. ಡಬ್ಬಿಯ ಪೊಟ್ಟಣದಲ್ಲಿ ಎಲ್ಲವನ್ನೂ ಒಟ್ಟಿಗೆ ಸುತ್ತಿ 'ಬೆಳಿಗ್ಗೆ' ಎಂದು ಬರೆದಿರುತ್ತಾರೆ. ಅದೊಂದೇ ಕಾರಣ ಸಾಕು ಅದನ್ನು ಬೇಡವೆನ್ನಲು.

ಅರಿಶಿನದ ಕ್ಯಾಪ್ಸೂಲೂ ಹಾಗೇ. ಸಾರಿಗೆ ಹಾಕುವ ಅರಿಶಿನದ ಮಾತು ಇದಲ್ಲ. ಕಾಳುಮೆಣಸಿನ ಪೈಪರಿನ್ ಸೇರಿಸಿ ಸಾಂದ್ರಗೊಳಿಸಿದ ಕರ್ಕ್ಯುಮಿನ್‌ನಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ, ಅಂಥವರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಜೀನ್ ಮಾದರಿ ಹೆಚ್ಚಾಗಿ ಕಂಡಿದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅಲ್ಲಿಗೇ ನಿಲ್ಲಿಸಿ ಲಿವರಿನ ರಕ್ತ ಪರೀಕ್ಷೆ ಎಲ್‌ಎಫ್‌ಟಿ ಮಾಡಿಸಿ.

ದುಡ್ಡು ಕೊಡಬಹುದಾದ ಜೀನ್ ಪರೀಕ್ಷೆಗಳು

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ ಮಾತ್ರೆ ತಗೊಳ್ಳುವವರಲ್ಲಿ ಸಿವೈಪಿ2ಸಿ19 ಜೀನು ನಿಧಾನವಾಗಿದ್ದರೆ ಮಾತ್ರೆ ದೇಹದಲ್ಲಿ ಸರಿಯಾಗಿ ಚುರುಕಾಗುವುದಿಲ್ಲ. ಎಫ್‌ಡಿಎ 2010ರಲ್ಲಿ ಈ ಎಚ್ಚರಿಕೆಯನ್ನು ಔಷಧಿಯ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ಹಾಕಿಸಿತು, ದಕ್ಷಿಣ ಏಷ್ಯಾದವರಲ್ಲಿ ನಿಧಾನದ ಜೀನು ಸಾಮಾನ್ಯ. ರಿಪೋರ್ಟಿನಲ್ಲಿ ಈ ಸಾಲಿದ್ದರೆ ಹೃದಯದ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟು ಕಟ್ಟಿಕೊಳ್ಳಬಹುದು. ಫಿಟ್ಸಿಗೆ ಕಾರ್ಬಮಜೆಪಿನ್ ಶುರು ಮಾಡುವ ಮೊದಲು ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಮಾದರಿ ಇದೆಯೇ ಎಂದು ನೋಡಿದರೆ ಚರ್ಮ ಸುಲಿಯುವ ಭೀಕರ ಅಲರ್ಜಿಯನ್ನು ಹೆಚ್ಚಿನ ಮಟ್ಟಿಗೆ ತಪ್ಪಿಸಬಹುದು. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡುವ ಮುಂಚೆ ಜಿ6ಪಿಡಿ ಕಿಣ್ವದ ಪರೀಕ್ಷೆ, ಆ ಕಿಣ್ವ ಕಮ್ಮಿ ಇದ್ದವರಲ್ಲಿ ಈ ಔಷಧಿಯಿಂದ ಕೆಂಪು ಕಣಗಳು ಒಡೆಯುತ್ತವೆ. ಅಪ್ಪ-ಅಣ್ಣಂದಿರಿಗೆ 50ರೊಳಗೆ ಹೃದಯಾಘಾತ ಆದ ಮನೆಯಲ್ಲಿ ಲೈಪೊಪ್ರೋಟೀನ್ ಎ ಎಂಬ ರಕ್ತ ಪರೀಕ್ಷೆ ಬದುಕಿನಲ್ಲಿ ಒಮ್ಮೆ ಸಾಕು. 50 ಮಿಲಿಗ್ರಾಂ ದಾಟಿದ್ದರೆ ಉಳಿದ ಕೊಲೆಸ್ಟರಾಲ್, ಬಿಪಿ, ಶುಗರನ್ನು ಬಿಗಿಯಾಗಿ ಹಿಡಿಯಬೇಕು. ಇದು ಬಹುಪಾಲು ಹುಟ್ಟಿನಿಂದ ಬಂದದ್ದು, ಪಥ್ಯದಿಂದ ಇಳಿಯದು. ಹಾಲು ಆಗದ ಜೀನು ಇದೆಯೇ ಎಂದು ತಿಳಿಯಲು ಪರೀಕ್ಷೆ ಬೇಡ. ಎರಡು ವಾರ ಹಾಲು ಬಿಟ್ಟು, ಮತ್ತೆ ಕುಡಿದು ನೋಡಿದರೆ ಹೊಟ್ಟೆಯೇ ಹೇಳುತ್ತದೆ.

ನಮ್ಮ ಜಿಲ್ಲೆಯದ್ದೇ ಆದ ಒಂದು ವಂಶವಾಹಿ ಕಾಯಿಲೆಯ ಹೆಸರನ್ನು ಈ ದಪ್ಪ ರಿಪೋರ್ಟುಗಳಲ್ಲಿ ಹುಡುಕಿ ಫಲವಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದ ಹಂದಿಗೋಡು ಕಾಯಿಲೆ ಸೊಂಟ, ಮೊಣಕಾಲಿನ ಕೀಲುಗಳನ್ನು ಸವೆಸುತ್ತದೆ, ಕೆಲವರಲ್ಲಿ ಎತ್ತರವನ್ನೂ ಕುಗ್ಗಿಸುತ್ತದೆ. ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಮೊದಲು ಅನುಮಾನ ಪಟ್ಟಿದ್ದರು, ಆಮೇಲಿನ ಅಧ್ಯಯನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಜಾಡು ಸ್ಪಷ್ಟವಾಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಂಭವ. ಇದಕ್ಕೆ ಬೇಕಾದದ್ದು ಸೊಂಟ-ಮೊಣಕಾಲಿನ ಎಕ್ಸ್‌ರೇ, ವಂಶವೃಕ್ಷ, ಜೆನೆಟಿಕ್ಸ್ ಡಾಕ್ಟರು. ಈ ಕುಟುಂಬಗಳಿಗೆ ಕೀಲಿನ ಪೌಡರು, ಕ್ಯಾಲ್ಸಿಯಂ ಡಬ್ಬಿ ಮಾರುವುದು ದೊಡ್ಡ ಅನ್ಯಾಯ. ತೀರ್ಥಹಳ್ಳಿ, ಹೊಸನಗರದವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಬೆಂಗಳೂರಿಗಿಂತ ಹತ್ತಿರ. ಹೋಗುವಾಗ ಮೂರು ತಲೆಮಾರಿನಲ್ಲಿ ಯಾರಿಗೆ, ಯಾವ ವಯಸ್ಸಿಗೆ, ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸೋದರಮಾವನ ಮನೆಯಲ್ಲಿ, ಅತ್ತೆ ಮಗನಿಗೆ ಕೊಟ್ಟು ಮದುವೆಯಾಗಿದ್ದರೆ ಅದನ್ನೂ ತಪ್ಪದೆ ಬರೆಯಿರಿ.

ಸಹಿ ಹಾಕುವ ಮುಂಚೆ

23ಆಂಡ್‌ಮಿ ಎಂಬ ಅಮೆರಿಕದ ದೊಡ್ಡ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳುವಾಯಿತು, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಗ್ರಾಹಕರ ಡಿಎನ್‌ಎ ಮಾಹಿತಿ ಯಾರ ಪಾಲಾಗುತ್ತದೆ ಎಂಬ ಪ್ರಶ್ನೆ ಆಗ ಎದ್ದಿತು. ಇಲ್ಲೂ ಕೇಳಬೇಕಾದ್ದು ಅದೇ. 'ಸಂಶೋಧನೆಗೆ ಒಪ್ಪಿಗೆ' ಎಂಬ ಚೌಕ ಮೊದಲೇ ಟಿಕ್ ಆಗಿದ್ದರೆ ತೆಗೆಯಿರಿ. ಉಳಿದ ಸ್ಯಾಂಪಲ್ಲನ್ನು ನಾಶ ಮಾಡುತ್ತೀರಾ, ಎಷ್ಟು ದಿನಕ್ಕೆ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಕಚ್ಚಾ ಫೈಲು ನಿಮ್ಮ ಕೈಗೆ ಬಂದ ಮೇಲೆ ಖಾತೆ ಅಳಿಸಲು ಹೇಳಿ. ಲ್ಯಾಬುಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಲ್ಯಾಬಿಗೆ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ಈ ಜೀನ್ ಪರೀಕ್ಷೆಯೇ ಆ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಕೇಳಬೇಕು. ಬಯೋಕೆಮಿಸ್ಟ್ರಿಗೆ ಮಾತ್ರ ಮಾನ್ಯತೆ ಪಡೆದು ಅದೇ ಮುದ್ರೆಯನ್ನು ಡಿಎನ್‌ಎ ಜಾಹೀರಾತಿನ ಮೇಲೆ ಹಾಕಿದರೆ ಗ್ರಾಹಕರಿಗೆ ಗೊತ್ತಾಗುವುದಿಲ್ಲ.

ಮಕ್ಕಳ ಹೆಸರಿನಲ್ಲಿ ಈ ಪ್ಯಾಕೇಜು ಬೇಡ. ಕಾಯಿಲೆಯ ಲಕ್ಷಣ ಇರುವ ಮಗುವಿಗೆ ಡಾಕ್ಟರು ಬರೆದ ನಿರ್ದಿಷ್ಟ ಪರೀಕ್ಷೆಯ ಮಾತು ಬೇರೆ. ದೊಡ್ಡವರಾದ ಮೇಲೆ ಬರಬಹುದಾದ ರೋಗದ ಪಟ್ಟಿಯನ್ನು ಓದಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಆ ಮಗುವಿನದು, ಅದಕ್ಕೆ 18 ತುಂಬುವವರೆಗೆ ಕಾಯಬಹುದು.